ಎಷ್ಟು ಲೀಟರ್ ತೆಗೆದರು?

‘ಎಷ್ಟು ತೆಗೆದ್ರು?’ ಅಮ್ಮನನ್ನೋ ಅಪ್ಪನನ್ನೋ ಗಾಲಿಕುರ್ಚಿಯಲ್ಲಿ ವಾರ್ಡಿಗೆ ವಾಪಸ್ ತಂದ ಕೂಡಲೇ ಕಾದು ನಿಂತವರು ಕೇಳುವ ಮೊದಲ ಪ್ರಶ್ನೆ ಇದು. ಒಂದು ಲೀಟರ್, ಒಂದೂವರೆ ಲೀಟರ್ ಎಂಬ ಉತ್ತರ ಆ ಸಂಜೆಯೊಳಗೆ ಊರಿನವರಿಗೆಲ್ಲ ಫೋನಿನಲ್ಲಿ ಮುಟ್ಟಿರುತ್ತದೆ. ಆದರೆ ಕ್ಯಾನ್ಸರ್ ಇರುವವರ ಎದೆಯಲ್ಲಿ ತುಂಬುವ ನೀರಿನ ವಿಷಯದಲ್ಲಿ ಲೀಟರಿನ ಲೆಕ್ಕಕ್ಕೆ ಬೆಲೆ ಕಡಿಮೆ. ಕೇಳಬೇಕಾದ್ದು ಬೇರೆ ಮೂರು ಸಂಗತಿ: ನೀರು ತೆಗೆದ ಮೇಲೆ ಉಸಿರು ಹಗುರಾಯಿತೇ? ಒಳಗೆ ಶ್ವಾಸಕೋಶ ಅರಳಿತೇ? ನೀರು ಮತ್ತೆ ತುಂಬಲು ಎಷ್ಟು ದಿನ ಹಿಡಿಯಿತು? ಮುಂದೆ ಮಾಡಬೇಕಾದ್ದೆಲ್ಲ ಈ ಮೂರು ಉತ್ತರಗಳ ಮೇಲೆ ನಿಂತಿದೆ.

ಮಂಗಳೂರಿನಲ್ಲಿ ಇದಕ್ಕೆ ದೂರದ ಲೆಕ್ಕವೂ ಸೇರಿಕೊಳ್ಳುತ್ತದೆ. ವೆನ್‌ಲಾಕ್, ಅತ್ತಾವರ, ಕಂಕನಾಡಿ, ದೇರಳಕಟ್ಟೆ ಎಂದು ಆಸ್ಪತ್ರೆಗಳು ಒತ್ತೊತ್ತಾಗಿರುವ ಈ ಊರಿಗೆ ಸುಳ್ಯ, ಪುತ್ತೂರಿನಿಂದ, ಸಂಪಾಜೆ ಘಾಟಿ ಇಳಿದು ಮಡಿಕೇರಿಯಿಂದ, ಭಟ್ಕಳದಿಂದ, ತಲಪಾಡಿ ದಾಟಿ ಕಾಸರಗೋಡಿನಿಂದ ರೋಗಿಗಳು ಬರುತ್ತಾರೆ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಈ ರೋಗಿಗಳ ದಾರಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಸುಮ್ಮನೆ ಅಲ್ಲ. ಹತ್ತು ದಿನಕ್ಕೊಮ್ಮೆ ನೀರು ತೆಗೆಸಲು ಘಾಟಿ ಇಳಿಯುವುದು ಎಂದರೇನು ಎಂಬುದು ಏದುಸಿರಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತವರಿಗೇ ಗೊತ್ತು.

ಶ್ವಾಸಕೋಶದ ಮೇಲೆ ಒಂದು, ಎದೆಗೂಡಿನ ಒಳಮೈಗೆ ಒಂದು, ಹೀಗೆ ಎರಡು ತೆಳು ಪೊರೆಗಳಿವೆ. ಪ್ಲೂರಾ ಎಂದು ಅವುಗಳ ಹೆಸರು. ನಡುವೆ ಆರೋಗ್ಯವಂತರಲ್ಲೂ ಒಂದಿಷ್ಟು ನೀರು ಇರುತ್ತದೆ, ಎರಡೂ ಬದಿ ಸೇರಿ 15ರಿಂದ 20 ಮಿಲಿಲೀಟರ್. ಉಸಿರಾಡುವಾಗ ಪೊರೆಗಳು ಒಂದರ ಮೇಲೊಂದು ಜಾರಲು ಅಷ್ಟು ಸಾಕು. ಈ ನೀರು ನಿಂತ ನೀರಲ್ಲ. ರಕ್ತನಾಳಗಳಿಂದ ಒಸರುತ್ತಾ, ಹೊರಪೊರೆಯಲ್ಲಿರುವ ಸಣ್ಣ ಸಣ್ಣ ಬಾಯಿಗಳ ಮೂಲಕ ದುಗ್ಧನಾಳಗಳಿಗೆ ಇಳಿದುಹೋಗುತ್ತಾ ಇರುತ್ತದೆ. ಒಸರು ಹಲವು ಪಟ್ಟು ಹೆಚ್ಚಿದರೂ ಸಾಗಿಸುವ ಶಕ್ತಿ ಆ ನಾಳಗಳಿಗಿದೆ. ಕ್ಯಾನ್ಸರ್ ಕೋಶಗಳು ಪೊರೆಗೆ ಬಂದು ಕೂತರೆ ಎರಡು ಕಡೆಯಿಂದ ಪೆಟ್ಟು: ರಕ್ತನಾಳಗಳ ಗೋಡೆ ಸಡಿಲಾಗಿ ಒಸರು ಏರುತ್ತದೆ, ಹೊರಹೋಗುವ ದಾರಿ ಕಟ್ಟುತ್ತದೆ.

ಅಮ್ಮ ನೀರು ಕುಡಿಯುವುದನ್ನು ಕಡಿಮೆ ಮಾಡಬೇಕಾ ಎಂದು ಎಷ್ಟೋ ಮಕ್ಕಳು ಕೇಳುತ್ತಾರೆ. ಬೇಡ. ಕುಡಿದ ನೀರು ಎದೆಗೆ ಇಳಿಯುವುದಿಲ್ಲ. ಮೊದಲೇ ಊಟ ಸೇರದವರ ಗಂಜಿ, ಎಳನೀರು ತಪ್ಪಿಸಿದರೆ ನಿಶ್ಶಕ್ತಿ ಹೆಚ್ಚುತ್ತದೆ, ಅಷ್ಟೇ. ಹೃದಯದ್ದೋ ಕಿಡ್ನಿಯದ್ದೋ ತೊಂದರೆ ಜೊತೆಗಿದ್ದರೆ ಮಾತ್ರ ಡಾಕ್ಟರು ಮಿತಿ ಹೇಳಬಹುದು.

ಕ್ಯಾನ್ಸರ್ ಇದೆ, ಎದೆಯಲ್ಲಿ ನೀರೂ ಇದೆ, ಹಾಗಾಗಿ ನೀರು ಕ್ಯಾನ್ಸರಿನದ್ದೇ ಎಂದು ಹೇಳಿಬಿಡಲೂ ಬರುವುದಿಲ್ಲ. ಶ್ವಾಸಕೋಶ ಮತ್ತು ಸ್ತನದ ಕ್ಯಾನ್ಸರ್‌ಗಳು ಹೀಗೆ ಮಾಡುವವುಗಳಲ್ಲಿ ಮುಂದಿವೆ, ಲಿಂಫೋಮಾ ಮತ್ತು ಅಂಡಾಶಯದ ಕ್ಯಾನ್ಸರ್ ಅವುಗಳ ಹಿಂದೆ. ಆದರೆ ನಮ್ಮ ನಾಡಿನಲ್ಲಿ ಕ್ಷಯವೂ ಎದೆಯಲ್ಲಿ ನೀರು ತುಂಬಿಸುತ್ತದೆ. ಹೃದಯ, ಯಕೃತ್ತು ಸೋತಾಗಲೂ ತುಂಬುತ್ತದೆ. ಆದ್ದರಿಂದ ಮೊದಲ ಸಲ ತೆಗೆದ ನೀರು ಲ್ಯಾಬಿಗೆ ಹೋಗಲೇಬೇಕು: ಪ್ರೊಟೀನ್, ಎಲ್‌ಡಿಎಚ್, ಕ್ಷಯಕ್ಕೆ ಎಡಿಎ, ಕ್ಯಾನ್ಸರ್ ಕೋಶ ಹುಡುಕಲು ಸೈಟಾಲಜಿ. ಸೈಟಾಲಜಿ ಹತ್ತರಲ್ಲಿ ಸುಮಾರು ಆರು ಸಲ ಮಾತ್ರ ಕೋಶಗಳನ್ನು ಹಿಡಿಯುತ್ತದೆ. ‘ನೆಗೆಟಿವ್’ ಎಂದು ರಿಪೋರ್ಟ್ ಬಂದ ಕೂಡಲೇ ನಿಶ್ಚಿಂತರಾಗುವಂತಿಲ್ಲ. ಸಾಕಷ್ಟು ಕೋಶ ಸಿಕ್ಕರೆ ಇಜಿಎಫ್‌ಆರ್‌ನಂಥ ಜೀನ್ ಬದಲಾವಣೆಗಳನ್ನೂ ಆ ನೀರಿನಲ್ಲೇ ನೋಡಬಹುದು. ಅಂಥ ಬದಲಾವಣೆ ಇದ್ದು, ಅದಕ್ಕೆ ತಕ್ಕ ಮಾತ್ರೆ ನಾಟಿದರೆ ನೀರು ತಾನಾಗಿ ಇಳಿಯುವುದೂ ಉಂಟು. ಸೂಜಿ, ಪೈಪು ಎಂದು ಓಡಾಡುವ ಗಡಿಬಿಡಿಯಲ್ಲಿ ಈ ಪರೀಕ್ಷೆ ಹಿಂದೆ ಬೀಳಬಾರದು.

ನೀರು ತೆಗೆಯುವುದು ಜನ ಹೆದರುವಷ್ಟು ದೊಡ್ಡ ಕೆಲಸ ಅಲ್ಲ. ರೋಗಿಯನ್ನು ಮಂಚದ ಅಂಚಿನಲ್ಲಿ ಕೂರಿಸಿ, ಎದುರಿನ ಟೇಬಲಿನ ಮೇಲೆ ದಿಂಬಿಟ್ಟು, ಅದರ ಮೇಲೆ ಕೈಕಟ್ಟಿ ಬಾಗಲು ಹೇಳುತ್ತಾರೆ. ಬೆನ್ನಿಗೆ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಇಟ್ಟರೆ ಪರದೆಯಲ್ಲಿ ನೀರು ಕಪ್ಪಗೆ ಕಾಣುತ್ತದೆ, ಅದರಲ್ಲಿ ಶ್ವಾಸಕೋಶದ ತುದಿ ತೊನೆದಾಡುತ್ತಿರುತ್ತದೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಸೂಜಿಯನ್ನು ಪಕ್ಕೆಲುಬಿನ ಮೇಲಂಚಿಗೆ ತಾಗಿಸಿ ಒಳಗೆ ಬಿಡುತ್ತಾರೆ, ಏಕೆಂದರೆ ನರ ಮತ್ತು ರಕ್ತನಾಳ ಓಡುವುದು ಪ್ರತಿ ಎಲುಬಿನ ಕೆಳ ಅಂಚಿನಲ್ಲಿ. ಕೊಳವೆಯಲ್ಲಿ ಹಳದಿ ನೀರು ಬರಬಹುದು, ಹಾಲಿಲ್ಲದ ಕಣ್ಣ ಚಹಾದ ಬಣ್ಣದ್ದು ಬರಬಹುದು, ರಕ್ತ ಬೆರೆತದ್ದೂ ಬರಬಹುದು. ಬಣ್ಣ ನೋಡಿ ಎದೆ ಒಡೆದುಕೊಳ್ಳಬೇಕಾಗಿಲ್ಲ. ಕೊನೆಕೊನೆಗೆ ಕೆಮ್ಮು ಶುರುವಾಗುತ್ತದೆ. ಕುಗ್ಗಿದ್ದ ಶ್ವಾಸಕೋಶ ಬಿಚ್ಚಿಕೊಳ್ಳುವಾಗ ಅದು ಸಹಜ. ಎದೆ ಬಿಗಿಯಾಗಿ ನೋವು ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಒಂದೇ ಸಲಕ್ಕೆ ಒಂದೂವರೆ ಲೀಟರಿನ ಆಚೆ ಹೋಗುವುದಿಲ್ಲ. ಬಹಳ ದಿನ ಕುಗ್ಗಿದ್ದ ಶ್ವಾಸಕೋಶ ಒಮ್ಮೆಲೇ ಹಿಗ್ಗಿದರೆ ಅದರೊಳಗೇ ನೀರು ಸೇರುವ ಅಪಾಯ ಇದೆ. ಹಾಗಾಗಿ ‘ಇನ್ನೂ ಉಂಟಲ್ಲ, ಪೂರ್ತಿ ತೆಗೀಲಿಲ್ಲ ಯಾಕೆ ಡಾಕ್ಟ್ರೇ’ ಎಂದು ಜಗಳಕ್ಕೆ ನಿಲ್ಲಬೇಡಿ.

ಉಸಿರು ಹಗುರಾಗುವ ಕಾರಣ ಎಲ್ಲರೂ ಅಂದುಕೊಂಡದ್ದಲ್ಲ. ಶ್ವಾಸಕೋಶಕ್ಕೆ ಜಾಗ ಸಿಕ್ಕಿತು, ಆಮ್ಲಜನಕ ಏರಿತು ಎಂದು ನಾವು ಭಾವಿಸುತ್ತೇವೆ. ಆದರೆ ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಂಕಿ ಎಷ್ಟೋ ಸಲ ಹೆಚ್ಚೇನೂ ಬದಲಾಗದೆ ರೋಗಿಗೆ ಮಾತ್ರ ಹಾಯೆನಿಸುತ್ತದೆ. ಗುಟ್ಟು ವಪೆಯಲ್ಲಿದೆ. ಎದೆಗೂ ಹೊಟ್ಟೆಗೂ ನಡುವಿನ ಈ ಸ್ನಾಯು ಕವುಚಿಟ್ಟ ಬಾಣಲೆಯಂತೆ ಮೇಲಕ್ಕೆ ಉಬ್ಬಿರಬೇಕು. ಉಸಿರೆಳೆದಾಗ ಅದು ಕೆಳಗಿಳಿಯುತ್ತದೆ. ನೀರಿನ ಭಾರಕ್ಕೆ ಅದು ಚಪ್ಪಟೆಯಾಗಿ, ಒಮ್ಮೊಮ್ಮೆ ಪೂರ್ತಿ ಕೆಳಕ್ಕೆ ಜೋತು, ಎಷ್ಟು ದುಡಿದರೂ ಗಾಳಿ ಎಳೆಯಲಾಗದೆ ದಣಿಯುತ್ತದೆ. ನೀರು ಇಳಿದು ವಪೆ ತನ್ನ ಆಕಾರಕ್ಕೆ ಮರಳಿದಾಗ ದಣಿವು ತಗ್ಗುತ್ತದೆ. ಆದ್ದರಿಂದ ಮಕ್ಕಳು ಅಂಕಿಗಿಂತ ಹೆಚ್ಚು ನೋಡಬೇಕಾದ್ದು, ಬಚ್ಚಲಿಗೆ ಹೋಗಿಬರಲು ಅಮ್ಮ ಎಷ್ಟು ಕಡೆ ಗೋಡೆ ಹಿಡಿದು ನಿಂತರು, ಒಂದು ಮಾತು ಮುಗಿಸಲು ಎಷ್ಟು ಸಲ ಉಸಿರೆಳೆದುಕೊಂಡರು ಎಂಬುದನ್ನು. ನೀರು ತೆಗೆದರೂ ಉಸಿರು ಹಗುರಾಗದಿದ್ದರೆ ಕಾರಣ ಬೇರೆಡೆ ಇರಬಹುದು: ರಕ್ತಹೀನತೆ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಹೃದಯದ ಸುತ್ತ ನೀರು. ಅಂಥವರಿಗೆ ಮತ್ತೆ ಮತ್ತೆ ಸೂಜಿ ಹಾಕಿ ಫಲವಿಲ್ಲ. ತೊಂದರೆಯೇ ಕೊಡದ ನೀರನ್ನು, ಸ್ಕ್ಯಾನಿನಲ್ಲಿ ಕಂಡಿತೆಂಬ ಒಂದೇ ಕಾರಣಕ್ಕೆ ತೆಗೆಸುವ ಅಗತ್ಯವೂ ಇಲ್ಲ.

ಉಸಿರು ಹಗುರಾಯಿತು, ಆದರೆ ಕೆಲವೇ ದಿನಗಳಲ್ಲಿ ನೀರು ಮರಳಿತು ಎಂದಾಗ ಎರಡು ದಾರಿ. ಒಂದು, ಎರಡೂ ಪೊರೆಗಳನ್ನು ಅಂಟಿಸಿ ನೀರಿಗೆ ಜಾಗವೇ ಇಲ್ಲದಂತೆ ಮಾಡುವುದು, ಅಂದರೆ ಪ್ಲೂರೊಡೆಸಿಸ್. ಶುದ್ಧೀಕರಿಸಿದ ಟಾಲ್ಕ್ ಪುಡಿಯನ್ನು ಒಳಗೆ ಬಿಟ್ಟರೆ ಪೊರೆಗಳು ಉರಿಯೆದ್ದು ಅಂಟುತ್ತವೆ. ಟಾಲ್ಕ್ ಎರಚುವ ವಿಧಾನವನ್ನು 1935ರಲ್ಲಿ ವಿವರಿಸಿದವರು ಕೆನಡಾದ ನಾರ್ಮನ್ ಬೆಥೂನ್. ಟಾಲ್ಕ್ ಬದಲು ಪೊವಿಡೋನ್ ಅಯೋಡಿನ್ ಬಳಸುವುದೂ ನಮ್ಮ ದೇಶದಲ್ಲಿ ಉಂಟು, ಅದು ಅಗ್ಗ. ಯಾವುದೇ ಇರಲಿ, ಶ್ವಾಸಕೋಶ ಅರಳಿ ಎದೆಗೋಡೆಗೆ ತಾಗಿದ್ದರೆ ಮಾತ್ರ ಅಂಟೀತು. ಗಡ್ಡೆಯಿಂದಲೋ ದಪ್ಪಗಟ್ಟಿದ ಪೊರೆಯಿಂದಲೋ ಅದು ಸೆರೆಯಾಗಿದ್ದರೆ ಎಷ್ಟು ಪುಡಿ ಸುರಿದರೂ ಅಂಟದು.

ಎರಡನೆಯದು ಚರ್ಮದಡಿ ಸುರಂಗದಂತೆ ಹಾಯಿಸಿ ಕೂರಿಸುವ ಮೆದು ಪೈಪು. ಮನೆಯಲ್ಲೇ ಎರಡು ಮೂರು ದಿನಕ್ಕೊಮ್ಮೆ ಅದರಿಂದ ನೀರು ತೆಗೆಯಬಹುದು. ಸೆರೆಯಾದ ಶ್ವಾಸಕೋಶಕ್ಕೂ ಇದು ಸಲ್ಲುತ್ತದೆ. ಯಾವುದು ಮೇಲು? 2012ರಲ್ಲಿ ಬ್ರಿಟನ್ನಿನ 106 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಮೊದಲ ಆರು ವಾರ ಏದುಸಿರು ಎರಡರಲ್ಲೂ ಒಂದೇ ಮಟ್ಟಕ್ಕೆ ಇಳಿಯಿತು. 2017ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರ, ಹಾಂಗ್‌ಕಾಂಗ್‌ಗಳ 146 ರೋಗಿಗಳಲ್ಲಿ, ಪೈಪಿನವರು ಆಸ್ಪತ್ರೆಯಲ್ಲಿ ಕಳೆದದ್ದು 10 ದಿನ, ಟಾಲ್ಕಿನವರು 12. ಎರಡು ದಿನದ ಅಂತರ ದೊಡ್ಡದಲ್ಲ. ನನಗೆ ಮುಖ್ಯವೆನಿಸಿದ್ದು ಇನ್ನೊಂದು ಅಂಕಿ: ಮತ್ತೆ ಸೂಜಿಯೋ ಟ್ಯೂಬೋ ಹಾಕಿಸಿಕೊಳ್ಳಬೇಕಾದವರು ಪೈಪಿನ ಗುಂಪಿನಲ್ಲಿ ನೂರಕ್ಕೆ ನಾಲ್ಕು ಮಂದಿ, ಟಾಲ್ಕಿನ ಗುಂಪಿನಲ್ಲಿ ನೂರಕ್ಕೆ ಇಪ್ಪತ್ತೆರಡು. ಅತ್ತಾವರದಲ್ಲೇ ಮನೆ ಇರುವವರಿಗೆ ಇದು ಅಂಥ ವಿಷಯ ಆಗಲಿಕ್ಕಿಲ್ಲ. ದೂರದ ಸುಳ್ಯ ಕಡೆಯ ಬೆಳ್ಳಾರೆಯವರಿಗೆ ಆಗುತ್ತದೆ.

ಆದರೆ ಪೈಪು ಎಂದರೆ ಮನೆಯವರಿಗೆ ಕೆಲಸ. ಕೈ ತೊಳೆದು ಕ್ಲಿಪ್ ತೆಗೆದು ನೀರು ಇಳಿಸಲು ಒಬ್ಬರಾದರೂ ಕಲಿತಿರಬೇಕು. ಬಾಟಲಿಗಳ ಖರ್ಚು ಮೊದಲೇ ಕೇಳಿಕೊಳ್ಳಬೇಕು. ಕರಾವಳಿಯ ಜೂನ್, ಜುಲೈಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಬೆವರಿಗೆ ಡ್ರೆಸಿಂಗ್ ಎದ್ದುಬಂದರೆ ಬದಲಿಸಲೇಬೇಕು. ಪೈಪಿನ ಸುತ್ತ ಕೆಂಪಾಗಿದ್ದರೆ, ಜ್ವರ ಬಂದರೆ, ನೀರು ಮಂದವಾಗಿ ವಾಸನೆ ಬಂದರೆ ಬೆಳಗಾಗಲೆಂದು ಕಾಯಬಾರದು. ಕಾಸರಗೋಡಿನ ಹಳ್ಳಿಯ ಮನೆಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲ ಇದೆ. ಕೇರಳ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ತಂದು, ಪಂಚಾಯತಿಯ ಮೂಲಕ ನರ್ಸ್ ಮನೆಗೆ ಬರುವ ಏರ್ಪಾಡು ಬೆಳೆಸಿದೆ. ತಲಪಾಡಿಯ ಈಚೆ ನಮಗೆ ಆ ಪ್ರಮಾಣದ ಏರ್ಪಾಡಿಲ್ಲ. ಮಗಳೋ ಸೊಸೆಯೋ ಕಲಿಯಬೇಕು. ಗಂಡುಮಕ್ಕಳು ಕಲಿತರೂ ಆದೀತು.

ಇದ್ಯಾವುದೂ ಕ್ಯಾನ್ಸರನ್ನು ವಾಸಿಮಾಡುವುದಿಲ್ಲ. ಎದೆಯಲ್ಲಿ ಕ್ಯಾನ್ಸರಿನ ನೀರು ತುಂಬಿದವರಲ್ಲಿ ಹೆಚ್ಚಿನವರಿಗೆ ಉಳಿದಿರುವುದು ತಿಂಗಳುಗಳ ಲೆಕ್ಕ, ಕೆಲವರಿಗೆ ವರ್ಷ ದಾಟುತ್ತದೆ. ತೀರಾ ಕೊನೆಯ ದಿನಗಳಲ್ಲಿ ಪೈಪೂ ಬೇಡವೆನಿಸಬಹುದು. ಆಗ ಕಡಿಮೆ ಪ್ರಮಾಣದ ಮಾರ್ಫಿನ್ ಏದುಸಿರಿನ ಸಂಕಟವನ್ನು ತಗ್ಗಿಸುತ್ತದೆ. ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯಿಂದಾಗಿ ಸಿಗುವುದೇ ಕಷ್ಟವಾಗಿದ್ದ ಈ ಔಷಧಿಗೆ 2014ರ ತಿದ್ದುಪಡಿ ದಾರಿ ಸುಗಮ ಮಾಡಿದೆ. ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳಬಹುದು. ಸಣ್ಣ ಫ್ಯಾನ್ ಹಿಡಿದು ಮುಖಕ್ಕೆ ಗಾಳಿ ಹಾಯಿಸಿದರೂ ಉಸಿರುಗಟ್ಟಿದ ಭಾವ ತಗ್ಗುತ್ತದೆ. ಕೆನ್ನೆಯ ನರಗಳಿಗೆ ತಂಪು ತಾಗುವುದರಿಂದ ಹೀಗಾಗುತ್ತದೆ. ಮಲಗುವ ಮಗ್ಗುಲನ್ನು ಅವರಿಗೇ ಬಿಡಿ, ಹಲವರಿಗೆ ನೀರು ತುಂಬಿದ ಬದಿಗೆ ಹೊರಳಿ ಮಲಗುವುದೇ ಸುಖ.

ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಅದರಲ್ಲಿ ಲೀಟರಿನ ಲೆಕ್ಕ ಬರೆದೇ ಇರುತ್ತದೆ. ಶ್ವಾಸಕೋಶ ಅರಳಿದೆಯೇ ಎಂಬುದನ್ನೂ, ಭಾನುವಾರ ರಾತ್ರಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನೂ ಅದೇ ಚೀಟಿಯ ಮೇಲೆ ಬರೆಸಿಕೊಂಡು ಹೊರಡಿ.