ಜಲಸಂಗ್ವಿಯ ಬರಹಗಾರ್ತಿ

ಬೆಳಗಿನ ಹೊತ್ತು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಬೋರ್ಡು ಓದುವವರಿಗಿಂತ ಕೂಗು ಕೇಳಿ ಹತ್ತುವವರೇ ಹೆಚ್ಚು. ಚಹಾದ ಹಬೆ, ಡೀಸೆಲ್ ಹೊಗೆ, ಎಣ್ಣೆಯಲ್ಲಿ ಚುರ್ರೆನ್ನುವ ಮಿರ್ಚಿ ಭಜಿಯ ಘಾಟಿನ ನಡುವೆ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ‘ಕಲ್ಯಾಣ, ಕಲ್ಯಾಣ, ಲಗೂ ಬರ್ರಿ’ ಎನ್ನುತ್ತಾನೆ. ಅಂಗಡಿಗಳ ಹಣೆಯ ಮೇಲೆ ಕನ್ನಡದ ಮಗ್ಗುಲಲ್ಲೇ ಮರಾಠಿ, ಉರ್ದು. ಯಾರ ಕಣ್ಣಿಗೆ ಯಾವುದು ಒಗ್ಗಿದೆಯೋ ಅದನ್ನು ಓದಿಕೊಂಡು ಊರು ತನ್ನ ಪಾಡಿಗೆ ನಡೆಯುತ್ತದೆ.

ನಾವು ಮಾತ್ರ ತೊಗರಿ, ಜೋಳದ ಹೊಲಗಳನ್ನು ದಾಟಿ ಇದೇ ತಾಲ್ಲೂಕಿನ ಜಲಸಂಗ್ವಿಗೆ ಹೋಗೋಣ. ಅಲ್ಲಿನ ಹಳೆಯ ಶಿವಾಲಯದ ಗೋಡೆಯಲ್ಲಿ ಸಾಲಾಗಿ ನಿಂತ ಹೆಂಗಳೆಯರು, ಒಬ್ಬೊಬ್ಬಳದೂ ಒಂದೊಂದು ಬಳುಕು. ಅವರ ನಡುವೆ ಒಬ್ಬಳ ಹತ್ತಿರ ಕಾಲು ತಾನಾಗಿ ನಿಲ್ಲುತ್ತದೆ. ಮೈಯನ್ನು ಮೂರು ಕಡೆ ಬಾಗಿಸಿ, ಕೈ ಎತ್ತಿ, ಆಕೆ ಫಲಕದ ಮೇಲೆ ಶಾಸನ ಬರೆಯುತ್ತಿದ್ದಾಳೆ. ಅಕ್ಷರಗಳು ನಿಜವಾದವು, ಓದಬಹುದಾದವು. ಏಳು ದ್ವೀಪಗಳ ಭೂಮಿಯನ್ನು ಚಾಲುಕ್ಯ ವಿಕ್ರಮಾದಿತ್ಯ ತನ್ನದಾಗಿಸಿಕೊಳ್ಳುವನು ಎಂಬ ಸಂಸ್ಕೃತದ ಹೊಗಳಿಕೆ ಅದು. ಆ ದೊರೆ ಕಲ್ಯಾಣದಿಂದ ಆಳಿದ್ದು 1076ರಿಂದ 1126ರವರೆಗೆ. ಪಟ್ಟವೇರಿದಾಗ ತನ್ನದೇ ಶಕೆಯನ್ನೂ ಹೊರಡಿಸಿದವನು.

ಹೊಗಳಿಕೆಗೆ ಒಂದು ಬರೀ ಕಲ್ಲು ಸಾಕಿತ್ತು. ಶಿಲ್ಪಿ ಬರೆಯುವ ಕೈಯನ್ನೂ ಕಡೆದ. ಹಾಗಾಗಿ ಎತ್ತು ಹೊಡೆದುಕೊಂಡು ಬಂದ ಅಕ್ಷರ ಬಾರದವನಿಗೂ, ನೀರಿನ ಕೊಡ ಹೊತ್ತು ನಿಂತವಳಿಗೂ ಇಲ್ಲಿ ಏನೋ ದೊಡ್ಡದನ್ನು ಬರೆಯಲಾಗುತ್ತಿದೆ ಎಂಬುದು ತಿಳಿದೇ ತಿಳಿಯುತ್ತದೆ. ಸುದ್ದಿ ಮುಟ್ಟಿಸುವ ಇಂಥ ಜಾಣ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇವಳನ್ನು ಊರಾಚೆ ಒಯ್ಯುವುದು ಕಷ್ಟ. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ತಟ್ಟಿ ತಟ್ಟಿ ಅಕ್ಷರದ ಗುಣಿಗಳಿಗೆ ಇಳಿಸಿ, ಮೇಲೆ ಮಸಿ ಒತ್ತುತ್ತಾರೆ. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತದೆ. ಹಳೆಯ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿ 1958ರಲ್ಲಿ ಪುಸ್ತಕವಾಗಿ ತಂದರು. ಇಂಥ ಪುಸ್ತಕಗಳಲ್ಲಿ ಸಾಲು ಉಳಿಯುತ್ತದೆ, ಬರೆದ ಹೆಣ್ಣು ಮರೆಯಾಗುತ್ತಾಳೆ. ಮಟಮಟ ಮಧ್ಯಾಹ್ನ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಹೆಣ್ಣು ಉಳಿಯುತ್ತಾಳೆ, ಸಾಲು ಮಸುಕಾಗುತ್ತದೆ.

ಅತ್ತ ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಕಥೆಯೇ ಬೇರೆ. ಹನ್ನೆರಡನೆಯ ಶತಮಾನದಲ್ಲಿ ಶರಣರ ಕೂಟದಲ್ಲಿ ಮಾತಾಗಿ ಹುಟ್ಟಿದ ವಚನ, ಮುಂದೆ ಬರೆಯುವ ಕಂಟದ ಮೊನೆಯಿಂದ ತಾಳೆಗರಿಗೆ ಇಳಿಯಿತು. ಕೀಲಿಯಿಲ್ಲದ ಬೀಗದಂತೆ ಮನೆಮನೆಯ ಮೂಲೆಯಲ್ಲಿದ್ದ ಆ ಕಟ್ಟುಗಳನ್ನು ಫ.ಗು. ಹಳಕಟ್ಟಿ ಅಲೆದಲೆದು ಕೂಡಿಸಿದರು; 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು. 1993ರಲ್ಲಿ ‘ಸಮಗ್ರ ವಚನ ಸಂಪುಟ’ 15 ಸಂಪುಟಗಳಲ್ಲಿ ಬಂತು. ಈಗ ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಒಂದು ಪದ ಒತ್ತಿದರೆ, ಆ ಪದ ಆಡಿದ ಶರಣರೆಲ್ಲ ಒಟ್ಟಿಗೆ ಎದುರಾಗುತ್ತಾರೆ. ಕೂಟದಲ್ಲಿ ಪಕ್ಕದವರ ಮುಖ ನೋಡುತ್ತ ಕೇಳುವ ಸುಖ ಅದರಲ್ಲಿಲ್ಲ, ನಿಜ. ಆದರೂ ಗರಿ ಓದಲು ಬಾರದ ನಮ್ಮಂಥವರಿಗೆ ಅದು ದೊಡ್ಡ ಉಪಕಾರ.

ಕಲ್ಲಿಗೂ ಅಂಥದೊಂದು ಉಪಕಾರ ಬೇಕು. ಬೆಂಗಳೂರು ಸೀಮೆಯ ಶಾಸನಗಳನ್ನು ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅದರಲ್ಲಿ ಕಲ್ಲಿನ ಉಬ್ಬುತಗ್ಗು ಹಾಗೇ ಉಳಿಯುತ್ತದೆ, ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಚೆಲ್ಲಿ ಸವೆದ ಅಕ್ಷರವನ್ನೂ ಎಬ್ಬಿಸಬಹುದು. ಹೆಣ್ಣು, ಸಾಲು ಎರಡೂ ಒಟ್ಟಿಗೆ ಸಿಗುವ ದಾರಿ ಇದು. ಈ ಕಡೆ ಬಂದವರು ಎಳೆ ಬಿಸಿಲು ಓರೆಯಾಗಿ ಬೀಳುವಾಗ ಜಲಸಂಗ್ವಿಗೆ ಹೋಗಿ, ಮಕ್ಕಳನ್ನೂ ಕರೆದೊಯ್ದು ಅಕ್ಷರ ಗುರುತಿಸಲು ಹೇಳಿ. ಈ ಬೀದರ್ ಜಿಲ್ಲೆಯ ಕಲ್ಲುಗಳಿಗೂ ಆ ಸ್ಕ್ಯಾನ್ ಕೆಲಸ ಬೇಗ ಬರಬೇಕು. ಮೊದಲ ಸರದಿ ಇವಳದಾಗಲಿ.