ಹಣೆಯಿಂದ ಮೂಗಿಗೆ

ಮೂಗಿನ ಮೇಲೆ ಬರುವ ಚರ್ಮದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಬೇಸಲ್ ಸೆಲ್ ಕಾರ್ಸಿನೋಮ ಎಂಬ ಬಗೆಯವು. ಇದು ದೂರದ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಆದರೆ ಇರುವಲ್ಲಿಯೇ ಮೆಲ್ಲಗೆ ಕೊರೆಯುತ್ತದೆ. ನಮ್ಮ ಮೈಬಣ್ಣದವರಲ್ಲಿ ಹಲವು ಸಲ ಕಪ್ಪಾಗಿಯೇ ಕಾಣುವುದರಿಂದ ಮಚ್ಚೆಯೆಂದುಕೊಂಡು ವರ್ಷಗಟ್ಟಲೆ ಸುಮ್ಮನಿರುವವರಿದ್ದಾರೆ.

ಗಡ್ಡೆ ತೆಗೆದ ಮೇಲೆ ಉಳಿಯುವ ಗುಳಿಯನ್ನು ತುಂಬುವುದು ಹೇಗೆ? ಈ ಪ್ರಶ್ನೆಗೆ ನಾಗಪುರದೊಂದಿಗೆ ಹಳೆಯ ನಂಟಿದೆ. ಡಾ. ಸಿ. ಬಾಲಕೃಷ್ಣನ್ 1950ರ ದಶಕದಲ್ಲಿ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಕಟ್ಟಿದ ಪ್ಲಾಸ್ಟಿಕ್ ಸರ್ಜರಿ ವಿಭಾಗ ದೇಶದ ಮೊದಮೊದಲ ಸ್ವತಂತ್ರ ವಿಭಾಗಗಳಲ್ಲಿ ಒಂದು.

ಮೊದಲು ಗೊತ್ತಾಗಬೇಕಾದದ್ದು ಕ್ಯಾನ್ಸರ್ ಪೂರ್ತಿ ಹೋಗಿದೆಯೇ ಎಂಬುದು. ಕತ್ತರಿಸಿದ ಅಂಚು ಶುದ್ಧವಾಗಿದೆ ಎಂದು ಪೆಥಾಲಜಿ ವರದಿ ಬರುವವರೆಗೆ ಗಾಯಕ್ಕೆ ಪಟ್ಟಿ ಕಟ್ಟಿ ಕಾಯುವ ವೈದ್ಯರನ್ನು ಕಂಡು ಬೇಸರಪಡಬೇಡಿ. ಅವಸರದಲ್ಲಿ ಮುಚ್ಚಿಬಿಟ್ಟರೆ ಉಳಿದ ಕ್ಯಾನ್ಸರ್ ಹೊಸ ಚರ್ಮದಡಿ ಅಡಗಿ ಬೆಳೆಯುತ್ತದೆ.

ಮುಂದಿನದನ್ನು ಗುಳಿಯ ಜಾಗ, ಅಗಲ, ಆಳ ಹೇಳುತ್ತವೆ. ಕಣ್ಣಿನ ಒಳಮೂಲೆಯಂಥ ತಗ್ಗಿನಲ್ಲಿರುವ ಸಣ್ಣ ಗಾಯ ಹಾಗೆಯೇ ಬಿಟ್ಟರೂ ಚೆನ್ನಾಗಿ ಮಾಯುತ್ತದೆ. ಕಿವಿಯ ಹಿಂದಿನಿಂದಲೋ ಮುಂದಿನಿಂದಲೋ ಚರ್ಮ ತೆಗೆದು ಕೂರಿಸುವ ಗ್ರಾಫ್ಟ್ ಒಂದೇ ಸಲಕ್ಕೆ ಮುಗಿಯುವ ಕೆಲಸ. ಆದರೆ ಹೊದಿಕೆ ಕಳಚಿದ ಬರಿಯ ಮೃದ್ವಸ್ಥಿಯ ಮೇಲೆ ಅದು ಹಿಡಿಯದು, ಮೂಗಿನ ತುದಿಯಲ್ಲಿ ತೇಪೆಯಂತೆ ಕಾಣುವುದೂ ಉಂಟು. ತುದಿಯಲ್ಲಿ ಒಂದೂವರೆ ಸೆಂಟಿಮೀಟರ್‌ವರೆಗಿನ ಗುಳಿಯಾದರೆ ಪಕ್ಕದ ಚರ್ಮವನ್ನೇ ಸರಿಸಿ ಮುಚ್ಚಬಹುದು. ಹೊಳ್ಳೆಗೆ ಕೆನ್ನೆಯ ಮಡಿಕೆಯ ಚರ್ಮ ಒಳ್ಳೆಯದು, ಗಂಡಸರಿಗೆ ಅದರ ಜೊತೆ ಗಡ್ಡದ ಕೂದಲೂ ಬರುತ್ತದೆಂಬುದನ್ನು ನೆನಪಿಟ್ಟರೆ ಸಾಕು.

ಅದಕ್ಕಿಂತ ದೊಡ್ಡದಕ್ಕೆ ಹಣೆಯೇ ಗತಿ. ಇದರ ಚರಿತ್ರೆಯ ಒಂದು ಎಳೆ ನಮ್ಮ ಶ್ರೀರಂಗಪಟ್ಟಣದ್ದು. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನಗಾಡಿಯವನಾಗಿದ್ದ ಕಾವಸ್ಜಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು, ಒಂದು ಕೈ ಕಳೆದುಕೊಂಡ. ಪುಣೆಯ ಬಳಿಯ ಇಟ್ಟಿಗೆ ಕೆಲಸದ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದ ತೆಳುತಗಡಿನಲ್ಲಿ ಮೂಗಿನ ಆಕಾರ ತೆಗೆದುಕೊಂಡು, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಗೆರೆ ಎಳೆದು, ಹುಬ್ಬುಗಳ ನಡುವೆ ಒಂದು ಪಟ್ಟಿ ಉಳಿಸಿ ಚರ್ಮ ಬಿಡಿಸಿ ಕೆಳಕ್ಕೆ ತಿರುಗಿಸಿದ. ಸುಮಾರು 25ನೆಯ ದಿನ ಆ ಪಟ್ಟಿಯನ್ನು ಕತ್ತರಿಸುವ ಕ್ರಮವಿತ್ತು. ಈ ಕಥೆ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಅಲ್ಲಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಆ ಶಸ್ತ್ರಕ್ರಿಯೆಯನ್ನು ಮಾಡಿ ತೋರಿಸಿದ. ಕಾವಸ್ಜಿಯ ಮೂಗು ಕಟ್ಟಿದವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಇಂದಿನ ಹಣೆಯ ಫ್ಲ್ಯಾಪ್ ಇದರದೇ ಮುಂದುವರಿಕೆ. ಹುಬ್ಬಿನ ಒಳತುದಿಯ ಬಳಿ ಮೇಲೇರುವ ರಕ್ತನಾಳವನ್ನು ಪಟ್ಟಿಯೊಳಗೆ ಉಳಿಸಿಕೊಂಡರೆ ಚರ್ಮ ಬದುಕುತ್ತದೆ. ಮೂಗು ಕುಸಿಯದಂತೆ ಕಿವಿಯ ಅಥವಾ ಪಕ್ಕೆಲುಬಿನ ಮೃದ್ವಸ್ಥಿ ಕೊಡುತ್ತಾರೆ, ಒಳಪದರ ಹೋಗಿದ್ದರೆ ಅದನ್ನೂ ಕಟ್ಟುತ್ತಾರೆ. ಬಣ್ಣ, ದಪ್ಪ ಎರಡರಲ್ಲೂ ಹಣೆಯಷ್ಟು ಹೊಂದುವ ಚರ್ಮ ಬೇರೆಲ್ಲೂ ಇಲ್ಲ. ಬೆಲೆಯೇನೆಂದರೆ ಹುಬ್ಬಿನಿಂದ ಮೂಗಿಗೆ ಇಳಿಬಿದ್ದ, ಒಸರುವ ಪಟ್ಟಿಯೊಡನೆ ಸುಮಾರು ಮೂರು ವಾರ ಇರಬೇಕು, ಮತ್ತೆ ಒಂದೆರಡು ಶಸ್ತ್ರಕ್ರಿಯೆ, ಹಣೆಯ ಮೇಲೊಂದು ಗೆರೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ನಾಗಪುರದಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿಯವರು ಜಗಿಯುವ ತಂಬಾಕಿನ ಖರ್ರಾ, ಬೀಡಿ ಎಲ್ಲವನ್ನೂ ಬಿಡಬೇಕು. ನಿಕೋಟಿನ್ ರಕ್ತನಾಳವನ್ನು ಕುಗ್ಗಿಸಿದರೆ ಫ್ಲ್ಯಾಪಿನ ತುದಿ ಕಪ್ಪಾಗಿ ಸಾಯುತ್ತದೆ.

ಎಂಬತ್ತರ ಹೃದ್ರೋಗಿ ಅಜ್ಜನೊಬ್ಬ ಎರಡು ಮೂರು ಸಲ ಮೇಜಿನ ಮೇಲೆ ಮಲಗಲಾರೆ ಎಂದರೆ ಗ್ರಾಫ್ಟಿನ ಒರಟು ಮೂಗೇ ಅವನಿಗೆ ಸರಿಯಾದ ಆಯ್ಕೆ. ಮೂಗು ಪೂರ್ತಿ ಹೋದವರಿಗೆ ಅಂಟಿಸಿಕೊಳ್ಳುವ ಸಿಲಿಕೋನ್ ಮೂಗೂ ಇದೆ. ಕ್ಯಾನ್ಸರ್ ಮತ್ತೆ ಬಂದೀತೆಂಬ ಶಂಕೆ ಬಲವಾಗಿದ್ದರೆ ಅದನ್ನೇ ಮೊದಲು ಕೊಡುವುದೂ ಉಂಟು, ಏಕೆಂದರೆ ತೆಗೆದಿಟ್ಟು ಒಳಗೆ ನೋಡಬಹುದು.