ಕನ್ನಡ ಕಾಡಿನಿಂದ ಕೇಡಗಾಂವಕ್ಕೆ: ರಮಾಬಾಯಿ ಬಿಟ್ಟದ್ದೇನು, ಬಿಡದ್ದೇನು?

ಕಾರ್ಕಳದಲ್ಲಿ ಬಸ್ಸು ಹತ್ತಿ, ಬಜಗೋಳಿ ದಾಟಿ, ಮಾಳದ ಮೇಲಿಂದ ಕುದುರೆಮುಖದ ಘಾಟಿ ಏರುವವರಿಗೆ ಕಿಟಕಿಯಾಚೆ ಕಾಣೋದು ಬರೀ ಕಾಡು. ಆ ಕಾಡಿನೊಳಗೇ ಗಂಗಾಮೂಲ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅಂತ ಎಲ್ಲರಿಗೂ ಗೊತ್ತು. 1858ರ ಎಪ್ರಿಲ್ 23ರಂದು ಅಲ್ಲೇ ಒಂದು ಹೆಣ್ಣು ಮಗುವೂ ಹುಟ್ಟಿತು ಎಂಬುದು ಎಷ್ಟು ಜನರಿಗೆ ಗೊತ್ತೋ! ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರಾದವರು ಆಕೆಯೇ.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟರು. ಆ ಕಾಲದಲ್ಲಿ ಅದು ಸಣ್ಣ ಅಪರಾಧವೇ? ಉಡುಪಿಗೆ ಕರೆಸಿ ವಿಚಾರಿಸಿದರು. ಶಾಸ್ತ್ರಿಗಳು ಶಾಸ್ತ್ರ ಹಿಡಿದೇ ಉತ್ತರ ಕೊಟ್ಟು ಬಂದರಂತೆ. ಕಡೆಗೆ ಕಾಡೇ ವಾಸಿ ಅಂತ ಗಂಗಾಮೂಲದಲ್ಲಿ ಮನೆ ಕಟ್ಟಿದರು. ಬಂದ ಯಾತ್ರಿಕರಿಗೆಲ್ಲ ಊಟ ಹಾಕಿ ಹಾಕಿ ಕೈ ಬರಿದಾಯಿತು. ಮಗಳಿಗೆ ಆರು ತಿಂಗಳಿದ್ದಾಗಲೇ ಬೆತ್ತದ ಪೆಟ್ಟಿಗೆಯಲ್ಲಿ ಹೊರಿಸಿಕೊಂಡು ಊರು ಬಿಟ್ಟರು. ಅಂದಿನಿಂದ ಪುರಾಣ ಓದುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ತಿರುಗಾಟ. ತಾಯಿಯ ಬಾಯಿಂದಲೇ ಕೇಳಿ ಕಲಿತ ಹುಡುಗಿಗೆ ಹದಿನಾರು ತುಂಬುವಷ್ಟರಲ್ಲಿ ಭಾಗವತದ 18,000 ಶ್ಲೋಕ ಬಾಯಿಪಾಠ.

ಅಷ್ಟರಲ್ಲಿ ಬರ ಬಂತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಕೇಳಿದ ವ್ರತ ಮಾಡಿದ್ದಾಯಿತು, ಇದ್ದಬದ್ದದ್ದು ದಾನ ಕೊಟ್ಟಿದ್ದಾಯಿತು, ದೇವರು ಮಾತ್ರ ಮಾತಾಡಲಿಲ್ಲ. ರಮಾಬಾಯಿಯ ಹಳೆಯ ನಂಬಿಕೆ ಸಡಿಲಾದದ್ದು ಈ ಹಸಿವಿನ ದಾರಿಯಲ್ಲೇ ಹೊರತು ಯಾವ ಪಾದ್ರಿಯ ಮಾತಿಗೂ ಅಲ್ಲ. ಅಣ್ಣನ ಜೊತೆ ನಡೆದು ನಡೆದು 1878ರಲ್ಲಿ ಕಲಕತ್ತೆ ಸೇರಿದಾಗ ಅಲ್ಲಿನ ಪಂಡಿತರು ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಜಾತಿ ಮೀರಿ ಬಂಗಾಳಿ ವಕೀಲರೊಬ್ಬರ ಜೊತೆ ಮದುವೆ. ಸಿಲ್ಚಾರಿನ ಮನೆಯಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತು. ಹೆಂಡತಿ ಮೆಚ್ಚಿದಳು, ಗಂಡನಿಗೆ ಸರಿ ಕಾಣಲಿಲ್ಲ. 1882ರಲ್ಲಿ ಕಾಲರಾ ಆತನನ್ನೂ ಒಯ್ದಿತು. ಇಪ್ಪತ್ತಮೂರರ ವಿಧವೆಯ ಕೈಯಲ್ಲಿ ಉಳಿದದ್ದು ಮಗಳು ಮನೋರಮಾ.

ಇಂಗ್ಲೆಂಡಿಗೆ ಓದಲು ಹೋಗಿ 1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಊರಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಇಲ್ಲಿ 'ಧರ್ಮ ಕೆಡಿಸಿಕೊಂಡಳು' ಅಂತ ಬೈಗುಳ. ಅಲ್ಲಿಯವರಿಗಾದರೂ ಸಮಾಧಾನವಾಯಿತೇ? ಅದೂ ಇಲ್ಲ! ಮಾಂಸ, ಮೊಟ್ಟೆ ಮುಟ್ಟೋದಿಲ್ಲ ಅಂದರೆ ಜಾತಿಯ ವಾಸನೆ ಇನ್ನೂ ಹೋಗಿಲ್ಲ ಅಂತ ಅವರ ಆಕ್ಷೇಪ. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇ ಯಾಕೆ, ನಮ್ಮ ಸಂಸ್ಕೃತಕ್ಕಿಂತ ಅದರಲ್ಲೇನು ಹೆಚ್ಚು ಅಂತ ಈಕೆ ತಿರುಗಿ ಕೇಳಿದರು. ಗಂಡುಹುಡುಗರಿಗೆ ಪಾಠ ಹೇಳೋದು ಬೇಡ ಅಂತ ಬಿಷಪ್ಪರು ಅಡ್ಡ ಬಂದರು. ಆ ಮಾತೂ ಆಕೆಗೆ ಹಿಡಿಸಲಿಲ್ಲ. ತಂದೆಯ ಮಗಳಲ್ಲವೇ! ಉಡುಪಿಯಲ್ಲಿ ತಂದೆ ಕೊಟ್ಟ ಉತ್ತರವನ್ನೇ ಮಗಳು ಇಂಗ್ಲೆಂಡಿನಲ್ಲಿ ಕೊಟ್ಟಂತಾಯಿತು.

ಇನ್ನೊಂದು ಸಂಗತಿ. ದೀಕ್ಷೆಯಾದ ಮಾತ್ರಕ್ಕೆ ಎಲ್ಲಾ ಮುಗಿಯಿತು ಅಂತ ರಮಾಬಾಯಿ ತಿಳಿಯಲಿಲ್ಲ. ತನಗೆ ಸಿಕ್ಕಿದ್ದು ಕ್ರಿಸ್ತನ ಮತ, ಕ್ರಿಸ್ತನಲ್ಲ ಎಂಬ ಕೊರಗು ಎಂಟು ವರ್ಷ ಕಾಡಿತು. 1891ರ ಹೊತ್ತಿಗಷ್ಟೇ ಮನಸ್ಸು ನಿಂತಿತೆಂದು ಆಕೆಯೇ ಬರೆದಿದ್ದಾರೆ. ಮತ ಬದಲಾಯಿಸಿದವರ ಲೆಕ್ಕ ಹಾಕುವ ಎರಡೂ ಕಡೆಯ ಗುಮಾಸ್ತರಿಗೆ ಈ ಎಂಟು ವರ್ಷ ಯಾವ ಕಾಲಂನಲ್ಲಿ ಹಾಕಬೇಕೋ ತಿಳಿಯಲಿಕ್ಕಿಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮುಂದಿನ ವರ್ಷ ಅದು ಪುಣೆಗೆ ಬಂತು. ಆಕೆಯ ಪ್ರಾರ್ಥನೆಯ ಹೊತ್ತಿಗೆ ಹುಡುಗಿಯರೂ ಬಂದು ಕೂರುತ್ತಾರೆ ಎಂಬ ಸುದ್ದಿಗೆ 1893ರಲ್ಲಿ ದೊಡ್ಡ ರಂಪವಾಯಿತು. ತಿಲಕರ 'ಕೇಸರಿ' ಝಾಡಿಸಿತು. ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಅವರೇ ಸಲಹಾ ಮಂಡಳಿ ಬಿಟ್ಟರು. ಶಾಲೆ ನಡೆಸಲು ಬಂದವರು ಧರ್ಮವನ್ನೂ ತಂದರು ಅಂತ ತಾಯ್ತಂದೆಯರು ಹೆದರಿದ್ದನ್ನು ಪೂರ್ತಿ ತಪ್ಪೆನ್ನಲೂ ಆಗದು. ಆದರೆ ಮನೆಗೆ ಕರೆದೊಯ್ದ ಆ ಬಾಲವಿಧವೆಯರಿಗೆ ಅಲ್ಲಿ ಕಾದಿದ್ದದ್ದು ಏನು ಎಂದು ಕೇಳಿದವರೂ ಕಡಿಮೆ.

ಪುಣೆಯ ಆಚೆ ಕೇಡಗಾಂವದಲ್ಲಿ ಜಮೀನು ಕೊಂಡಿದ್ದರು. 1896ರ ಬರಗಾಲ ಬಿದ್ದಾಗ ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ಹಸಿದ ಹುಡುಗಿಯರನ್ನು ಕರೆತಂದರು. ಬರ ಅಂದ್ರೆ ಏನು ಅಂತ ಆಕೆಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. 1900ರ ಗುಜರಾತ್ ಬರ ಕಳೆದಾಗ 'ಮುಕ್ತಿ'ಯ ಹುಡುಗಿಯರ ಸಂಖ್ಯೆ ಸಾವಿರ ದಾಟಿತ್ತು. ನೇಯ್ಗೆ, ಹೈನು, ತೋಟ, ಕುರುಡರಿಗೆ ಬ್ರೈಲ್, ಹೆಂಗಸರೇ ನಡೆಸುವ ಅಚ್ಚುಕೂಟ, ಎಲ್ಲವೂ ಅಲ್ಲಿತ್ತು. ಕಲಬುರ್ಗಿಯಲ್ಲೂ ಒಂದು ಶಾಲೆ ತೆರೆದರು. ಅದರ ಹೊಣೆ ಮಗಳು ಮನೋರಮಾಳದು.

ಹಿಂದಿನದನ್ನು ಬಿಟ್ಟೆ ಎಂದ ಹೆಂಗಸು ಕಡೆತನಕ ಉಟ್ಟದ್ದು ಬಿಳಿ ಸೀರೆ, ಉಂಡದ್ದು ಸಸ್ಯಾಹಾರ. ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಹಿಡಿದು ಕೂತು ಇಡೀ ಬೈಬಲನ್ನು ಓದುಬರಹ ಅಷ್ಟಾಗಿ ಬಾರದ ಹೆಂಗಸರಿಗೂ ತಿಳಿಯುವ ಮರಾಠಿಗೆ ತರಲು ಹೊರಟರು. ಸಂಸ್ಕೃತದ ಪಂಡಿತೆ ಸಂಸ್ಕೃತದ ಭಾರೀ ಪದಗಳನ್ನು ಒಂದೊಂದಾಗಿ ಬದಿಗಿಟ್ಟು ಬರೆದದ್ದು ಇದರಲ್ಲೇ.

1921ರಲ್ಲಿ ಮನೋರಮಾ ತೀರಿಕೊಂಡಳು. ತಾಯಿ ಮತ್ತೆ ಅನುವಾದದ ಕಾಗದ ಹಿಡಿದರು. ಆ ಕೆಲಸ ಮುಗಿಸಿ, 1922ರ ಎಪ್ರಿಲ್ 5ರಂದು ಕೇಡಗಾಂವದಲ್ಲೇ ಕಣ್ಣು ಮುಚ್ಚಿದರು.